ಹೊಸಬರಿಗೆ ಮಾತ್ರ ನೋಂದಣಿ ಶುಲ್ಕ: ನಾಣ್ಯ ಹರಾಜಿನಲ್ಲಿ ಇದು ವಾಡಿಕೆಯೇ?

ಜೋಗಿಮಟ್ಟಿ ರಸ್ತೆ (ಚಿತ್ರದುರ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಟಿಪ್ಪು ಸುಲ್ತಾನನ ಕಾಲದಲ್ಲಿ ನಮ್ಮ ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂಬ ಹೆಸರಿತ್ತು, ಇಲ್ಲೊಂದು ಟಂಕಸಾಲೆಯೂ ಇತ್ತು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಊರಿನ ಆ ಹೆಸರು ಇರುವ ತಾಮ್ರದ ಪೈಸೆಗಳು ಇಲ್ಲಿ ಅಚ್ಚಾದವು. ಶ್ರೀರಂಗಪಟ್ಟಣದ ಪೈಸೆಗಳು ನನ್ನಲ್ಲಿ ಕೆಲವಿವೆ, ನಗರದ್ದೂ (ಹಳೆಯ ಬಿದನೂರು) ಇದೆ. ಹುಟ್ಟಿದಾಗಿನಿಂದ ಕೋಟೆಯ ಕೆಳಗೇ ಬದುಕಿರುವ ನನ್ನ ಬಳಿ ಈ ಊರಿನ ಟಂಕಸಾಲೆಯದು ಒಂದೂ ಇಲ್ಲ.

ಈಗ ಒಂದು ಆನ್‌ಲೈನ್ ಹರಾಜಿಗೆ ಬರುತ್ತಿದೆ. ಚಿತ್ರ ನೋಡಿದೆ. ಆನೆಯ ಬೆನ್ನು ಸ್ವಲ್ಪ ಸವೆದಿದೆ, ಆದರೆ ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಪೂರ್ತಿಯಾಗಿ ಓದುವಂತಿದೆ. ಅಂದಾಜು ಬೆಲೆ 4,000ದಿಂದ 6,000 ರೂಪಾಯಿ. ಖಾತೆ ತೆರೆಯಲು ಹೋದಾಗ ತೊಡಕು ಎದುರಾಯಿತು. ಮೊದಲ ಬಾರಿ ಭಾಗವಹಿಸುವವರು 2,500 ರೂಪಾಯಿ ನೋಂದಣಿ ಶುಲ್ಕ ಕಟ್ಟಬೇಕಂತೆ. ಗೆದ್ದರೂ ಸೋತರೂ ಅದು ಹಿಂದಿರುಗುವುದಿಲ್ಲ. ಅದರ ಜೊತೆಗೆ 10,000 ರೂಪಾಯಿ ಭದ್ರತಾ ಠೇವಣಿ. ನಾಣ್ಯ ನಮಗೆ ಬೀಳದಿದ್ದರೆ ಅದನ್ನು ಮರಳಿಸುತ್ತಾರೆ. ಹಳೆಯ ಗ್ರಾಹಕರಿಗೆ ಎರಡೂ ಇಲ್ಲ.

ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಐದಾರು ಸಾವಿರದ ನಾಣ್ಯಕ್ಕೆ ಬಾಗಿಲಲ್ಲೇ ಎರಡೂವರೆ ಸಾವಿರ ಕೊಡುವುದು ನನಗೆ ಚಿಕ್ಕ ಮಾತಲ್ಲ. ಎಲ್ಲ ಕಡೆಯೂ ಹೀಗೆಯೇ? ಕಟ್ಟುವ ಮುನ್ನ ಏನೇನು ವಿಚಾರಿಸಬೇಕು?

ಮಂಡಿಪೇಟೆ ಸಂಗ್ರಾಹಕ (ದಾವಣಗೆರೆ):

ಎಲ್ಲ ಕಡೆಯೂ ಹೀಗಿಲ್ಲ. ಬೆಂಗಳೂರು, ಮುಂಬೈ, ಅಹಮದಾಬಾದಿನ ಸಂಸ್ಥೆಗಳಲ್ಲಿ ನಾನು ಬಹಳ ಕಾಲದಿಂದ ಹರಾಜು ಕೂಗುತ್ತಿದ್ದೇನೆ. ಪ್ಯಾನ್, ವಿಳಾಸದ ದಾಖಲೆ, ಕೆಲವೊಮ್ಮೆ ಪರಿಚಯದವರ ಹೆಸರು ಕೇಳಿದ್ದಾರೆಯೇ ಹೊರತು ಖಾತೆ ತೆರೆಯುವುದಕ್ಕೆಂದು ಯಾರೂ ದುಡ್ಡು ಕೇಳಿಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿರುವ ಹೆರಿಟೇಜ್ ಆಕ್ಷನ್ಸ್‌ನಂಥ ದೊಡ್ಡ ಸಂಸ್ಥೆಯಲ್ಲೂ ನೋಂದಣಿ ಉಚಿತ.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ, ಅವನ್ನು ಬಿಡಿಸಿ ನೋಡಿ. ಠೇವಣಿ ಕೇಳುವುದು ಸಂಸ್ಥೆಯ ಹಕ್ಕು. ಹಿರಿಯೂರು, ಚಳ್ಳಕೆರೆ ಕಡೆ ರಸ್ತೆ ಬದಿಯ ಹುಣಸೆ ಮರಗಳ ಫಸಲು ಹರಾಜಾಗುವುದನ್ನು ನೀವೂ ಕಂಡಿರುತ್ತೀರಿ. ಕೂಗುವವರು ಮೊದಲು ಠೇವಣಿ ಇಡುತ್ತಾರೆ, ಸವಾಲು ಮುಗಿದ ಮೇಲೆ ಸೋತವರು ತಮ್ಮ ಹಣವನ್ನು ಎಣಿಸಿಕೊಂಡು ಹೋಗುತ್ತಾರೆ, ಗೆದ್ದವನದು ಅವನ ಲೆಕ್ಕಕ್ಕೆ ಜಮೆಯಾಗುತ್ತದೆ. ಅದಕ್ಕೆ ಯಾರದೂ ತಕರಾರಿಲ್ಲ. ಅಲ್ಲಿ ಬಂದು ನಿಂತದ್ದಕ್ಕೇ ಹಣ ಕೊಡಿ ಎಂದರೆ ಯಾರು ಒಪ್ಪುತ್ತಾರೆ?

ಸಂಸ್ಥೆಗಳ ಭಯ ಸುಳ್ಳಲ್ಲ. ಕೂಗಿ, ಗೆದ್ದು, ಹಣ ಕಟ್ಟದೆ ಮಾಯವಾಗುವವರು ಇದ್ದಾರೆ. 2009ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜಿನಲ್ಲಿ, ಬೀಜಿಂಗ್‌ನ ಹಳೆಯ ಬೇಸಿಗೆ ಅರಮನೆಯಿಂದ ಲೂಟಿಯಾಗಿದ್ದ ಇಲಿ ಮತ್ತು ಮೊಲದ ಕಂಚಿನ ತಲೆಗಳಿಗೆ ಚೀನಾದ ಸಂಗ್ರಾಹಕನೊಬ್ಬ 3 ಕೋಟಿ ಯೂರೋಗೂ ಹೆಚ್ಚು ಬೆಲೆಗೆ ಸವಾಲು ಗೆದ್ದು, ಆಮೇಲೆ ಹಣ ಕೊಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ. ಅಂಥವರನ್ನು ತಡೆಯಲು ಬೇಕಾದದ್ದು ಠೇವಣಿ. ಮಾತು ತಪ್ಪಿದರೆ ಹಣ ಹೋಗುತ್ತದೆ ಎಂಬ ಹೆದರಿಕೆ ಠೇವಣಿಯಲ್ಲಿದೆ. ಶುಲ್ಕದಲ್ಲಿ ಅದಿಲ್ಲ, ಮಾತು ಉಳಿಸಿಕೊಂಡವನದೂ ಹೋಗುತ್ತದೆ, ತಪ್ಪಿದವನದೂ ಹೋಗುತ್ತದೆ. ಹಾಗಾದರೆ ಅದು ಯಾರನ್ನು ತಡೆಯುತ್ತದೆ? ನಿಮ್ಮಂಥ ಸಂಬಳದವರನ್ನು, ಕಾಲೇಜು ಹುಡುಗರನ್ನು. ಈ ಹವ್ಯಾಸಕ್ಕೆ ಹೊಸ ರಕ್ತ ಬೇಕು ಎಂದು ನಾವೆಲ್ಲ ಹೇಳುತ್ತಿರುವಾಗ ಹೊಸಬರನ್ನೇ ಆರಿಸಿ ದಂಡ ಹಾಕುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಇನ್ನು ಲೆಕ್ಕ. ಅವರ ನಿಯಮಾವಳಿಯಲ್ಲಿ ಬೈಯರ್ಸ್ ಪ್ರೀಮಿಯಂ, ಅಂದರೆ ಗೆದ್ದವರು ಕೂಗಿದ ಬೆಲೆಯ ಮೇಲೆ ಸಂಸ್ಥೆಗೆ ಕೊಡಬೇಕಾದ ಶೇಕಡಾವಾರು ಹಣ, ಎಷ್ಟು ಎಂದು ನೋಡಿ. ಶೇಕಡಾ 20 ಎಂದು ಹಿಡಿಯೋಣ. 6,000ಕ್ಕೆ ಸುತ್ತಿಗೆ ಬಿದ್ದರೆ ಪ್ರೀಮಿಯಂ 1,200. ಆ ಪ್ರೀಮಿಯಂ ಮೇಲೆ ಶೇಕಡಾ 18 ಜಿಎಸ್‌ಟಿ ಎಂದರೆ 216. ಅಲ್ಲಿಗೆ 7,416 ಆಯಿತು. ನಾಣ್ಯದ ಬೆಲೆಯ ಮೇಲಿನ ತೆರಿಗೆ, ಅಂಚೆ ಮತ್ತು ವಿಮೆ ಬೇರೆ. ಇದಕ್ಕೆ 2,500 ಸೇರಿಸಿದರೆ 9,916. ಆರು ಸಾವಿರದ ನಾಣ್ಯ ಹತ್ತು ಸಾವಿರದ ಹತ್ತಿರ ಬಂತು. ನೋಂದಣಿ ಶುಲ್ಕ ಮತ್ತು ಈ ಬೇರೆ ಖರ್ಚುಗಳನ್ನು ಬಿಟ್ಟು ಹೆಚ್ಚೆಂದರೆ ಎಂಟು ಸಾವಿರ ಖರ್ಚು ಮಾಡಬಲ್ಲೆ ಎಂದಿದ್ದರೆ ಆ ಮೊತ್ತವನ್ನು 1.236ರಿಂದ (ಬೆಲೆ, ಪ್ರೀಮಿಯಂ, ಅದರ ಜಿಎಸ್‌ಟಿ ಸೇರಿ) ಭಾಗಿಸಿ, 6,472 ಬರುತ್ತದೆ, ಅದು ನಿಮ್ಮ ಕೊನೆಯ ಕೂಗು. ಬೇರೆ ಕಂಪನಿಯ ಜಾಲತಾಣದ ಮೂಲಕ ನೇರ ಹರಾಜಿಗೆ ಸೇರಿದರೆ ಆ ತಾಣದವರು ತಮ್ಮ ಪಾಲೆಂದು ಇನ್ನಷ್ಟು ಶೇಕಡಾವಾರು ಸೇರಿಸುವುದುಂಟು. ಅದನ್ನೂ ಮೊದಲೇ ಕೇಳಿ.

ಕೇಳಬೇಕಾದದ್ದು ಇಷ್ಟು: ಶುಲ್ಕವನ್ನು ಮೊದಲ ಬಿಲ್ಲಿನಲ್ಲಿ ವಜಾ ಮಾಡಿಕೊಳ್ಳುತ್ತೀರಾ? ಠೇವಣಿ ಎಷ್ಟು ದಿನದೊಳಗೆ ಮರಳುತ್ತದೆ? ನಾಣ್ಯ ನಕಲಿ ಎಂದು ತಿಳಿದುಬಂದರೆ ಹಿಂದಕ್ಕೆ ಪಡೆಯುತ್ತೀರಾ, ಎಷ್ಟು ಅವಧಿಯವರೆಗೆ? ಬಾಯಿಮಾತಿನ ಉತ್ತರ ಬೇಡ, ಇಮೇಲ್‌ನಲ್ಲಿ ಪಡೆಯಿರಿ.

ಹೊಳಲ್ಕೆರೆ ಗುತ್ತಿಗೆದಾರ:

ಮಂಡಿಪೇಟೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸರ್ಕಾರಿ ಟೆಂಡರ್‌ಗಳಲ್ಲಿ ಮುಂಗಡ ಠೇವಣಿ ಮರಳಿ ಬರುತ್ತದೆ, ನಿಜ. ಆದರೆ ಟೆಂಡರ್ ಶುಲ್ಕ ಮರಳುವುದಿಲ್ಲ. ಕೆಲಸ ಸಿಗಲಿ, ಬಿಡಲಿ, ಕಟ್ಟಲೇಬೇಕು. ಅದನ್ನು ಅನ್ಯಾಯ ಎಂದು ನಾವು ಯಾರೂ ಕೂಗಾಡುವುದಿಲ್ಲ. ಹರಾಜು ಸಂಸ್ಥೆಗೂ ಖರ್ಚಿದೆ. ಪ್ರತಿ ನಾಣ್ಯವನ್ನು ತೂಗಬೇಕು, ಎರಡೂ ಬದಿಯ ಚಿತ್ರ ತೆಗೆಯಬೇಕು, ಹೊಸಬನ ದಾಖಲೆ ಪರಿಶೀಲಿಸಬೇಕು. ಕುತೂಹಲಕ್ಕೆಂದು ಖಾತೆ ತೆರೆದು ಒಮ್ಮೆಯೂ ಕೂಗದವರು ಎಷ್ಟು ಮಂದಿ ಇರುತ್ತಾರೋ! 2,500 ಜಾಸ್ತಿಯಾಯಿತು ಎನ್ನಿ, ಒಪ್ಪುತ್ತೇನೆ. ಐನೂರು ಕೇಳಿದ್ದರೆ ನಾನೇನೂ ಬೇಸರ ಪಟ್ಟುಕೊಳ್ಳುತ್ತಿರಲಿಲ್ಲ.

ಜಗಳೂರು ಮೇಷ್ಟ್ರು:

ಶುಲ್ಕದ ಮಾತು ಬಂದಿರುವುದರಿಂದ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರಿಗೆ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಮೊಬೈಲಿಗೆ ಕರೆ ಬಂತು. ಮೊದಲು ಕೇಳಿದ್ದು ಸಣ್ಣ ಮೊತ್ತದ ನೋಂದಣಿ ಶುಲ್ಕ. ಅದನ್ನು ಕಟ್ಟಿದ ಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರದ ಖರ್ಚು. ಬ್ಯಾಂಕಿನ ಲಾಂಛನ ಹಾಕಿದ ಕಾಗದವನ್ನೂ ಕಳಿಸಿದ್ದರು. ಆ ಕಾಗದವನ್ನು ಅವರು ಮಡಿಸಿ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ತಂದು ನನಗೆ ತೋರಿಸಿದಾಗ, ಹಣ ಬರುವುದೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು ಮತ್ತು ನಾಣ್ಯಗಳ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಇದಕ್ಕಾಗಿ ತಾನು ಯಾವ ಶುಲ್ಕ, ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ. ಮಾರುವವನಿಂದಲೇ ಮುಂಗಡ ಹಣ ಕೇಳಿದರೆ ಕೂಡಲೇ ನಿಲ್ಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜೋಗಿಮಟ್ಟಿ ರಸ್ತೆಯವರು ಹೇಳಿದ ಸಂಸ್ಥೆ ಹಾಗಿಲ್ಲದೆ ಇರಬಹುದು, ಆದರೂ ಅವರು ಹಿಂದೆ ನಡೆಸಿದ ಹರಾಜುಗಳ ಕ್ಯಾಟಲಾಗ್ ಮತ್ತು ಮಾರಾಟವಾದ ಬೆಲೆಗಳ ಪಟ್ಟಿ ತೋರಿಸಲಿ.

ಮಂಡಿಪೇಟೆ ಸಂಗ್ರಾಹಕ:

ಮೇಷ್ಟ್ರೇ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು.

ಹೊಳಲ್ಕೆರೆಯವರೇ, ಟೆಂಡರ್ ಶುಲ್ಕವನ್ನು ಹಳೆಯ ಗುತ್ತಿಗೆದಾರನೂ ಕಟ್ಟುತ್ತಾನೆ, ಹೊಸಬನೂ ಕಟ್ಟುತ್ತಾನೆ. ಇಲ್ಲಿ ಹೊಸಬನಿಗೆ ಮಾತ್ರ. ತೂಕ, ಚಿತ್ರ, ಕ್ಯಾಟಲಾಗಿನ ಖರ್ಚಿಗೆಂದೇ ಸಂಸ್ಥೆ ಕೊಳ್ಳುವವನಿಂದ ಪ್ರೀಮಿಯಂ, ಮಾರುವವನಿಂದ ಕಮಿಷನ್ ಪಡೆಯುತ್ತದೆ. ಅದೇ ಖರ್ಚನ್ನು ಸೋತವನಿಂದಲೂ ಮೂರನೆಯ ಸಲ ಏಕೆ ವಸೂಲಿ ಮಾಡಬೇಕು? ಐನೂರಾದರೂ ನನ್ನ ಮಾತು ಇದೇ.

ಜೋಗಿಮಟ್ಟಿ ರಸ್ತೆಯವರಿಗೆ ಇನ್ನೊಂದು ಸೂಚನೆ. ಆ ಪೈಸೆ ನೂರು ವರ್ಷ ದಾಟಿದ ವಸ್ತು, ಆದ್ದರಿಂದ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಮುಂದೆ ಯಾರಾದರೂ ಹೊರದೇಶದವರು ಹೆಚ್ಚಿನ ಬೆಲೆಯ ಆಸೆ ತೋರಿಸಿದರೆ ನೆನಪಿರಲಿ. ಬಿಲ್ಲನ್ನು ನಾಣ್ಯದಷ್ಟೇ ಜೋಪಾನ ಮಾಡಿ. ನಿಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ. ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಸುತ್ತಲಿನ ಹೊಲಗಳಲ್ಲಿ ಸಿಕ್ಕಿದ್ದು ಎಂದು ಕೈಯಲ್ಲಿ ಹಿಡಿದುಕೊಂಡು ಬರುವವರಿಂದ ದಯವಿಟ್ಟು ಕೊಳ್ಳಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ಒಪ್ಪಿಸಬೇಕು ಎಂಬುದು ಕಾನೂನು, ಮೇಲಾಗಿ ಅದು ಸಿಕ್ಕ ಜಾಗದ ವಿವರ ಅಳಿಸಿಹೋದರೆ ಇತಿಹಾಸಕ್ಕೇ ನಷ್ಟ.

ಜೋಗಿಮಟ್ಟಿ ರಸ್ತೆ:

ಎಲ್ಲರ ಉತ್ತರಕ್ಕೂ ಕೃತಜ್ಞತೆಗಳು. ಮಂಡಿಪೇಟೆಯವರು ಹೇಳಿದ ಪ್ರಶ್ನೆಗಳನ್ನು ಹಾಗೆಯೇ ಇಮೇಲ್ ಮಾಡಿದೆ. ಉತ್ತರ ಬಂದಿದೆ. ಗೆದ್ದರೆ ಶುಲ್ಕವನ್ನು ಬಿಲ್ಲಿನಲ್ಲಿ ವಜಾ ಮಾಡುತ್ತಾರಂತೆ, ಸೋತರೆ ಇಲ್ಲ. ಠೇವಣಿ ಹರಾಜು ಮುಗಿದ ಏಳು ಕೆಲಸದ ದಿನಗಳಲ್ಲಿ ಮರಳುತ್ತದೆ. ಹಳೆಯ ಗ್ರಾಹಕರಿಬ್ಬರು ಪರಿಚಯಪತ್ರ ಕೊಟ್ಟರೆ ಶುಲ್ಕವೇ ಬೇಡ, ಠೇವಣಿ ಮಾತ್ರ ಸಾಕು ಎಂದೂ ಬರೆದಿದ್ದಾರೆ. ಜಾಲತಾಣದಲ್ಲಿ ಈ ಮಾತು ಎಲ್ಲೂ ಇಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತಾರೆ ಎಂದಾಯಿತು. ಇದು ನನಗೆ ಸರಿ ಕಾಣಲಿಲ್ಲ, ಹಾಗೆಂದು ಅವರಿಗೇ ಬರೆದಿದ್ದೇನೆ.

ಶುಲ್ಕ ಕಟ್ಟಿ ಸೇರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಪರಿಚಯದ ಒಬ್ಬರು ಚಳ್ಳಕೆರೆಯಲ್ಲಿ ಸಿಕ್ಕಿದ್ದಾರೆ. ಆ ಸಂಸ್ಥೆಯಲ್ಲಿ ಖಾತೆ ಇರುವ ಇನ್ನೊಬ್ಬರು ಇಲ್ಲಿ ಯಾರಾದರೂ ಇದ್ದೀರಾ? ಸಂಸ್ಥೆಯ ಹೆಸರನ್ನು ಖಾಸಗಿ ಸಂದೇಶದಲ್ಲಿ ತಿಳಿಸುತ್ತೇನೆ.

ಹೊಳಲ್ಕೆರೆ ಗುತ್ತಿಗೆದಾರ:

ಹೆಸರು ಕಳಿಸಿ, ನಾನು ಅಂಚೆಚೀಟಿ ಕೊಳ್ಳುವ ಸಂಸ್ಥೆಯೇ ಆಗಿದ್ದರೆ ಪತ್ರ ಬರೆದುಕೊಡುತ್ತೇನೆ. ಅದಕ್ಕೂ ಮುನ್ನ ನಾಣ್ಯದ ತೂಕ ಕೇಳಿ ತಿಳಿದುಕೊಳ್ಳಿ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ ತೂಗಬೇಕು. ತುಂಬಾ ಕಡಿಮೆ ಇದ್ದು, ಅಂಚಿನ ಸುತ್ತ ಎರಕದ ಗೆರೆಯೂ ಕಂಡರೆ ಅದು ನಕಲಿ ಎಂದೇ ಅನುಮಾನಿಸಬೇಕು, ಪತ್ರದ ಅಗತ್ಯವೇ ಬೀಳುವುದಿಲ್ಲ.