ಪದಚರ್ಚೆ: ‘ಹುಸಿ ಎಚ್ಚರಿಕೆ’ ಆಯಿತು, ಅದರ ಜೋಡಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕೋಡನ್ನು ರನ್ ಮಾಡದೆ, ಬರೀ ಓದಿಯೇ ದೋಷ ಹಿಡಿಯುವ ಟೂಲ್‌ಗಳಿವೆಯಲ್ಲ, ಅಂಥದ್ದೊಂದರ ಟೆಸ್ಟಿಂಗ್ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಸ್ಟ್ಯಾಟಿಕ್ ಕೋಡ್ ಅನಾಲಿಸಿಸ್’ ಎನ್ನುತ್ತಾರೆ. ‘ಸ್ಥಿರ ಕೋಡ್ ವಿಶ್ಲೇಷಣೆ’ ಎಂದರೆ ಸ್ಥಿರವಾಗಿರುವುದು ಕೋಡೋ ವಿಶ್ಲೇಷಣೆಯೋ ತಿಳಿಯದು. ಹಾಗಾಗಿ ‘ಓಡಿಸದೆ ಮಾಡುವ ಪರಿಶೀಲನೆ’ ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ‘ಸ್ಟ್ಯಾಟಿಕ್’ ಅಂತಲೇ ಬಿಟ್ಟೆ. ‘ಲಿಂಟ್’ ಅನ್ನೂ ಮುಟ್ಟಿಲ್ಲ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದ ಟೂಲಿನ ಹೆಸರದು. ಬಟ್ಟೆಗೆ ಅಂಟುವ ನೂಲಿನ ಜುಂಗು ಎಂದರ್ಥ. ‘ಲಿಂಟ್ ಮಾಡಿದೆಯಾ?’ ಎನ್ನುವವರ ಮುಂದೆ ‘ಜುಂಗು ತೆಗೆ’ ಎಂದು ನಗೆಪಾಟಲಾಗುವ ಆಸೆ ನನಗಿಲ್ಲ.

ತೊಡಕಿರುವುದು ‘ಫಾಲ್ಸ್ ಪಾಸಿಟಿವ್’, ‘ಫಾಲ್ಸ್ ನೆಗೆಟಿವ್’ ಜೋಡಿಯಲ್ಲಿ. ‘ಸುಳ್ಳು ಧನಾತ್ಮಕ’ ಎಂದರೆ ಬ್ಯಾಟರಿಯ ತುದಿ ನೆನಪಾಗುತ್ತದೆಯೇ ಹೊರತು ಅರ್ಥ ಹೊಳೆಯುವುದಿಲ್ಲ.

ಸಂದರ್ಭ ಹೀಗಿದೆ. ಟೂಲನ್ನು ಪರೀಕ್ಷಿಸಲು ಬೇಕೆಂದೇ ಕೆಡಿಸಿದ ಸಣ್ಣ ಸಣ್ಣ ಕಡತಗಳಿರುತ್ತವೆ. ಒಂದರಲ್ಲಿ ‘ಸರಾಸರಿ = ಮೊತ್ತ / ಎಣಿಕೆ’ ಎಂಬ ಸಾಲು; ಎಣಿಕೆ ಸೊನ್ನೆಯಾಗಬಹುದು. ಆ ಸಾಲಿನ ಕೊನೆಗೇ ಕಾಮೆಂಟಿನಲ್ಲಿ ‘ಇಲ್ಲಿ ಎಚ್ಚರಿಕೆ ಬರಬೇಕು’ ಎಂದು ಬರೆದಿಡುತ್ತೇವೆ. ಕ್ಲ್ಯಾಂಗ್ ಕಂಪೈಲರಿನ ಟೆಸ್ಟುಗಳಲ್ಲೂ ಇದೇ ರೂಢಿ. ಇನ್ನೊಂದು ಕಡತದಲ್ಲಿ ಅದೇ ಸಾಲು, ಆದರೆ ಅದಕ್ಕೂ ಮೊದಲು ‘ಎಣಿಕೆ ಸೊನ್ನೆಯಾದರೆ ಹಿಂತಿರುಗು’ ಎಂಬ ಕಾವಲಿದೆ. ಅಲ್ಲಿ ಟೂಲ್ ಸುಮ್ಮನಿರಬೇಕು. ಬಂದ ಎಚ್ಚರಿಕೆಗಳನ್ನು ಕಾಮೆಂಟುಗಳ ಜತೆ ಸಾಲುಸಾಲಾಗಿ ತಾಳೆ ನೋಡುವುದು ಸ್ಕ್ರಿಪ್ಟಿನ ಕೆಲಸ. ಕಾವಲಿದ್ದಲ್ಲೂ ಟೂಲ್ ಕೂಗಿಕೊಂಡರೆ ಫಾಲ್ಸ್ ಪಾಸಿಟಿವ್, ಕಾವಲಿಲ್ಲದಲ್ಲಿ ಬಾಯಿ ಬಿಡದಿದ್ದರೆ ಫಾಲ್ಸ್ ನೆಗೆಟಿವ್.

ಮೊದಲಿನದಕ್ಕೆ ‘ಹುಸಿ ಎಚ್ಚರಿಕೆ’ ಎಂದುಕೊಂಡೆ. ‘ಹುಸಿ ಬಾಂಬ್ ಕರೆ’ ಪತ್ರಿಕೆಗಳಲ್ಲಿ ದಿನಬಳಕೆಯ ಮಾತು. ಆದರೆ ಹುಸಿಮುನಿಸು, ಹುಸಿನಗು, ಆ ಬಾಂಬ್ ಕರೆ ಎಲ್ಲದರಲ್ಲೂ ನಟನೆಯ ವಾಸನೆ ಇದೆ. ಪಾಪ, ಟೂಲ್ ನಟಿಸುತ್ತಿಲ್ಲ. ಅದಕ್ಕೆ ಕಾವಲು ಕಾಣಿಸಲಿಲ್ಲ, ಅಷ್ಟೆ. ಇನ್ನೂ ದೊಡ್ಡ ಪೇಚು ‘ನಿರೀಕ್ಷೆ ಹುಸಿಯಾಯಿತು’ ಎಂಬುದು. ಟೆಸ್ಟ್ ಫೇಲಾದದ್ದನ್ನು ನಾನು ಹಾಗೆ ಬರೆದಿದ್ದೆ. ಒಂದೇ ಪುಟದಲ್ಲಿ ‘ಎಚ್ಚರಿಕೆಯ ನಿರೀಕ್ಷೆ ಹುಸಿಯಾಯಿತು’, ‘ಹುಸಿ ಎಚ್ಚರಿಕೆ ಬಂತು’ ಎರಡೂ ಇದ್ದವು. ಒಂದರಲ್ಲಿ ಬರಬೇಕಾದದ್ದು ಬರಲಿಲ್ಲ, ಇನ್ನೊಂದರಲ್ಲಿ ಬರಬಾರದ್ದು ಬಂತು. ಕರಡು ಓದಿದ ಗೆಳತಿ ಎರಡೂ ಒಂದೇ ಎಂದುಕೊಂಡರು. ಈಗ ಟೆಸ್ಟಿಗೆ ‘ಫೇಲಾಯಿತು’ ಎಂದೇ ಬರೆದು, ‘ಹುಸಿ’ಯನ್ನು ಎಚ್ಚರಿಕೆಗೆ ಮೀಸಲಿಟ್ಟಿದ್ದೇನೆ.

ಉಳಿದದ್ದು ಎರಡನೆಯದು. ‘ಹುಸಿ ಮೌನ’ ಜೋಡಿಗೆ ಹೊಂದುತ್ತದೆ, ಆದರೆ ಕವಿತೆಯ ಸಾಲಿನಂತಿದೆ. ‘ಕಣ್ತಪ್ಪಿದ ದೋಷ’ ಹಿತವಾಗಿದೆ; ಆದರೆ ಕಣ್ತಪ್ಪು ಎಂದರೆ ಇನ್ನಷ್ಟು ಎಚ್ಚರವಿದ್ದಿದ್ದರೆ ಸಿಗುತ್ತಿತ್ತು ಎಂಬ ಧ್ವನಿ. ಪ್ರೋಗ್ರಾಮಿನ ನಡವಳಿಕೆಯ ಬಗ್ಗೆ ಹುಸಿಯೂ ಇಲ್ಲದ, ಒಂದನ್ನೂ ಬಿಡದ ತೀರ್ಪನ್ನು ಎಲ್ಲ ಪ್ರೋಗ್ರಾಮುಗಳಿಗೂ ಹೇಳಬಲ್ಲ ಟೂಲ್ ಸಾಧ್ಯವೇ ಇಲ್ಲ ಎಂಬುದು ಗಣಿತಜ್ಞ ಹೆನ್ರಿ ರೈಸ್ ಅವರ 1953ರ ಪ್ರಮೇಯದಿಂದಲೇ ಬರುವ ಮಾತು. ಸಾಲದ್ದಕ್ಕೆ, ಹುಸಿ ಎಚ್ಚರಿಕೆ ಹೆಚ್ಚಾದರೆ ಜನ ಟೂಲನ್ನೇ ಆಫ್ ಮಾಡಿಬಿಡುತ್ತಾರೆಂದು ಟೂಲ್ ಬರೆಯುವವರು ಕೆಲವನ್ನು ಗೊತ್ತಿದ್ದೇ ಬಿಡುತ್ತಾರೆ. ಅದನ್ನು ಕಣ್ತಪ್ಪು ಅನ್ನಲಾದೀತೆ?

ಸದ್ಯಕ್ಕೆ ‘ಬಿಟ್ಟುಹೋದ ದೋಷ’ ಎಂದಿಟ್ಟಿದ್ದೇನೆ. ಕೋಷ್ಟಕದ ತಲೆಬರಹಕ್ಕೆ ಉದ್ದವಾಯಿತು. ‘ಬಿಡುದೋಷ’ ಎಂದು ಕುಗ್ಗಿಸಿದರೆ ಅರಿಸಮಾಸವೆಂದು ಬೈಯುತ್ತೀರೋ, ಇಲ್ಲ ಬಿಟ್ಟದ್ದೇ ದೋಷ ಎಂದು ಓದಿಕೊಳ್ಳುತ್ತೀರೋ?