ಎಟಿವಿಗೆ ಹೊಸ ಟೈರ್: ಮಡ್ ಟೈರ್ ಹಾಕಿಸಲಾ, ಆಲ್ ಟೆರೇನ್ ಸಾಕಾ?

ಕಾಡುದಾರಿ:
ನಮಸ್ಕಾರ ಎಲ್ಲರಿಗೂ. ನನ್ನ ಎಟಿವಿಗೆ, ಅಂದರೆ ಕಾಡುಮೇಡಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿಗೆ, ಟೈರ್ ಬದಲಾಯಿಸುವ ಕಾಲ ಬಂತು. ಹಿಂದಿನ ಎರಡೂ ನಡುವೆ ಬೋಳಾಗಿವೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಗ್ರಿಪ್ ಉಳಿದಿದೆ. ಮುಂದಿನವು ಮೇಲ್ನೋಟಕ್ಕೆ ಪರವಾಗಿಲ್ಲ, ಆದರೆ ಒಂದರ ಪಕ್ಕದಲ್ಲಿ ಕಲ್ಲು ತಾಗಿ ಸೀಳಿದೆ, ಬೆರಳಲ್ಲಿ ಅಗಲಿಸಿದರೆ ಒಳಗಿನ ನೂಲು ಕಾಣುತ್ತದೆ. ಗಾಡಿ ಫೋರ್ ವೀಲ್ ಡ್ರೈವ್, ಬೆಲ್ಟ್ ಇರುವ ಆಟೋಮ್ಯಾಟಿಕ್. ಸೈಜ್ ಮುಂದೆ 25×8-12, ಹಿಂದೆ 25×10-12, ಅಂದರೆ ಎತ್ತರ 25 ಇಂಚು, ಅಗಲ 8 ಮತ್ತು 10, ರಿಮ್ 12.

ಓಡಿಸುವುದು ಕಾಡಿನ ದಾರಿಯಲ್ಲೇ. ಬಹುಪಾಲು ಗಟ್ಟಿ ಮಣ್ಣು, ಚೂಪು ಕಲ್ಲು, ಮರದ ಬೇರು. ಮಳೆ ಬಿದ್ದರೆ ತಗ್ಗಿನಲ್ಲಿ ಕೆಸರು ನಿಲ್ಲುತ್ತದೆ, ಅಲ್ಲಿ ಗಾಡಿ ಹೂತುಕೊಳ್ಳುವುದು, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕಟ್ಟಿ ಎಳೆಯುವುದು ಮಾಮೂಲಿ ಆಗಿಬಿಟ್ಟಿದೆ. ಅದಕ್ಕೇ ಈ ಸಲ ದಪ್ಪ ಗ್ರಿಪ್‌ನ ಮಡ್ ಟೈರ್ ಹಾಕಿಸಿ, ಸೈಜನ್ನೂ 27ಕ್ಕೆ ಏರಿಸೋಣ ಅಂತಿದ್ದೇನೆ. ಮಾಡಬಹುದಾ? ಪ್ಲೈ 4, 6, 8 ಅಂತೆಲ್ಲ ಬರೆದಿರುತ್ತಾರಲ್ಲ, ಎಷ್ಟಿದ್ದರೆ ಸಾಕು? ಸದ್ಯಕ್ಕೆ ಹಿಂದಿನ ಎರಡು ಮಾತ್ರ ಹಾಕಿಸಿ ಮುಂದಿನವನ್ನು ಆಮೇಲೆ ನೋಡಿಕೊಂಡರೆ ನಡೆಯುತ್ತದಾ?

ಹಳೇಬೆಲ್ಟ್:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೂಲು ಕಾಣುತ್ತಿರುವ ಟೈರನ್ನು ಆಮೇಲೆ ನೋಡಿಕೊಳ್ಳುವುದು ಅಂತ ಇಲ್ಲ ಗುರು, ಅದು ಮುಗಿದ ಟೈರ್. ನಡುವೆ ಮುಳ್ಳು ಚುಚ್ಚಿದ್ದರೆ ಪ್ಲಗ್ ಹಾಕಬಹುದು, ಪಕ್ಕದ ಸೀಳಿಗೆ ಪ್ಲಗ್ ನಿಲ್ಲುವುದಿಲ್ಲ, ಯಾಕೆಂದರೆ ಟೈರ್ ಮಡಚಿ ಬಿಚ್ಚುವುದು ಅಲ್ಲೇ.

ಇನ್ನೊಂದು ಕಾರಣವೂ ಇದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರ ಒಂದು ಲೆಕ್ಕಕ್ಕೆ ಸರಿಯಾಗಿ ತಿರುಗಬೇಕು. ಹಿಂದೆ ಹೊಸ ಟೈರ್, ಮುಂದೆ ಸವೆದ ಟೈರ್ ಇದ್ದರೆ ಒಂದು ಸುತ್ತಿಗೆ ಎರಡೂ ಕ್ರಮಿಸುವ ದೂರ ಬೇರೆ ಆಗುತ್ತದೆ. ಕೆಸರಲ್ಲಿ, ಮರಳಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಜಾರುವುದಕ್ಕೆ ಜಾಗ ಇಲ್ಲ, ಎಲ್ಲ ಎಳೆತವೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಮತ್ತು ಆಕ್ಸಲ್ ಮೇಲೆ ಬೀಳುತ್ತದೆ. ನೋಡಬೇಕಿದ್ದರೆ ಸುಲಭ: ನಾಲ್ಕಕ್ಕೂ ಒಂದೇ ಗಾಳಿ ಹಾಕಿ, ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರ್ ಮೇಲೂ ನೆಲದ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗಾಡಿಯನ್ನು ನೆಟ್ಟಗೆ ತಳ್ಳಿ, ಟೈರ್ ಮೇಲಿನ ಗೆರೆ ಮತ್ತೆ ಕೆಳಗೆ ಬಂದಾಗ ನೆಲದಲ್ಲಿ ಇನ್ನೊಂದು ಗೆರೆ. ನಡುವಿನ ದೂರ ಟೇಪ್ ಹಿಡಿದು ಅಳೆಯಿರಿ. 25 ಇಂಚಿನ ಟೈರ್‌ಗೆ ಲೆಕ್ಕದಲ್ಲಿ ಸುಮಾರು 78 ಇಂಚು, ಭಾರ ಕೂತಾಗ ಸ್ವಲ್ಪ ಕಡಿಮೆ ಬರುತ್ತದೆ. ಇದನ್ನು ಹೊಸ ಟೈರ್‌ಗೂ ಮಾಡಿ. ಮೇಲೆ 25 ಅಂತ ಬರೆದಿದ್ದರೂ ಒಂದು ಕಂಪನಿಯದ್ದಕ್ಕೂ ಇನ್ನೊಂದರದ್ದಕ್ಕೂ ಎತ್ತರ ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ವ್ಯತ್ಯಾಸ ಇರುತ್ತದೆ. ಅದಕ್ಕೇ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ತಗೊಳ್ಳುವುದು ಒಳ್ಳೆಯದು.

27 ಇಂಚಿನ ಆಸೆ ಬಿಡಿ ಅಂತಲೇ ಹೇಳುತ್ತೇನೆ. ಎರಡು ಇಂಚು ದೊಡ್ಡ ಟೈರ್ ಹಾಕಿದರೆ ಗಾಡಿ ಮೇಲೇಳುವುದು ಒಂದೇ ಇಂಚು, ಅಲ್ವಾ? ಆದರೆ ಗೇರಿಂಗ್ 8% ಉದ್ದವಾಗುತ್ತದೆ, ಅಂದರೆ ಚಕ್ರದ ಒಂದೊಂದು ಸುತ್ತಿಗೂ ಗಾಡಿಯನ್ನು ಅಷ್ಟು ಹೆಚ್ಚು ದೂರ ಎಳೆಯಬೇಕು. ಏರಿನಲ್ಲಿ ನಿಧಾನಕ್ಕೆ ಹತ್ತುವಾಗ ಬೆಲ್ಟ್ ಜಾರಿ ಬಿಸಿಯಾಗುತ್ತದೆ, ಕ್ಲಚ್‌ಗೂ ಕೆಲಸ ಹೆಚ್ಚು. ಸ್ಪೀಡೋಮೀಟರ್ 50 ತೋರಿಸುವಾಗ ನೀವು 54ರಲ್ಲಿ ಹೋಗುತ್ತಿರುತ್ತೀರಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟೈರ್ ಫೆಂಡರ್‌ಗೋ ಫುಟ್‌ರೆಸ್ಟ್‌ಗೋ ಉಜ್ಜುವ ಸಾಧ್ಯತೆ ಬೇರೆ.

ಕೆಸರುಹುಳ:
ಸೈಜ್ ವಿಷಯ ಒಪ್ಪುತ್ತೇನೆ. ಆದರೆ ಅವರು ವಿಂಚ್ ಕಟ್ಟಿ ಎಳೆಯುವುದು ಮಾಮೂಲಿ ಅಂತಿದ್ದಾರೆ, ಅದನ್ನು ಯಾಕೆ ಬಿಟ್ಟಿರಿ? ಅಂಟು ಮಣ್ಣಿನಲ್ಲಿ, ಎಲ್ಲ ಬಗೆಯ ನೆಲಕ್ಕೂ ಅಂತ ಬರುವ ಆಲ್ ಟೆರೇನ್ ಟೈರ್‌ನ ಸಂದಿ ಎಲ್ಲ ಮೆತ್ತಿಕೊಂಡು ಒಂದೇ ಸುತ್ತಿಗೆ ನುಣ್ಣಗಾಗುತ್ತದೆ, ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ನಿಂತಲ್ಲೇ ಗುಂಡಿ ತೋಡುತ್ತೀರಿ. ಮಡ್ ಟೈರ್‌ನಲ್ಲಿ ಬ್ಲಾಕುಗಳ ನಡುವೆ ಜಾಗ ಜಾಸ್ತಿ ಇರುತ್ತದೆ, ಚಕ್ರ ತಿರುಗಿದಂತೆ ಕೆಸರನ್ನು ಕೊಡವಿ ಎಸೆಯುತ್ತದೆ. 25 ಇಂಚಿನಲ್ಲೇ ಒಂದು ಇಂಚಿನ ಗ್ರಿಪ್ ಇರುವ ಮಡ್ ಟೈರ್ ಸಿಗುತ್ತದೆ, ಅದನ್ನೇ ಹಾಕಿಸಿ.

ಹಳೇಬೆಲ್ಟ್:
@ಕೆಸರುಹುಳ ಕೆಸರಿನ ಮಟ್ಟಿಗೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಅವರ ದಾರಿಯ ಬಹುಪಾಲು ಗಟ್ಟಿ ನೆಲ ಅಲ್ವಾ. ಅಲ್ಲಿ ಮಡ್ ಟೈರ್ ಓಡಿಸಿ ನೋಡಿ, ಬ್ಲಾಕ್ ಒಂದೊಂದೇ ನೆಲಕ್ಕೆ ಬಡಿದು ಹ್ಯಾಂಡಲ್ ಗಡಗಡ ಅನ್ನುತ್ತದೆ, ಕೈ ಜೋಮು ಹಿಡಿಯುತ್ತದೆ. ತಿರುವಿನಲ್ಲಿ ಉದ್ದ ಬ್ಲಾಕುಗಳು ಬಾಗುತ್ತವೆ, ಗಾಡಿ ಹೇಳಿದ ಮಾತು ತಡವಾಗಿ ಕೇಳುತ್ತದೆ. ಗಟ್ಟಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ಹಾಗಾಗಿ ಬೇಗ ಸವೆಯುತ್ತದೆ. ಟೈರ್ ತೂಕವೂ ಜಾಸ್ತಿ, ಆ ತೂಕ ತಿರುಗುವ ಚಕ್ರದಲ್ಲೇ ಇರುವುದರಿಂದ ಬ್ರೇಕ್, ಸಸ್ಪೆನ್ಷನ್, ಆಕ್ಸಲ್ ಎಲ್ಲಕ್ಕೂ ಗೊತ್ತಾಗುತ್ತದೆ. ಒಂದು ತಗ್ಗು ದಾಟುವುದಕ್ಕೋಸ್ಕರ ಉಳಿದ ದಾರಿ ಪೂರ್ತಿ ನರಳುವುದು ಯಾಕೆ? ಆ ತಗ್ಗಿಗೆ ವಿಂಚ್ ಹೇಗೂ ಇದೆ.

ಕೆಸರುಹುಳ:
ಹಾಗಾದರೆ ನಡುವಿನ ದಾರಿ ಹೇಳಿ. ಐಟಿಪಿ ಮಡ್ ಲೈಟ್ ಎಟಿ ಥರದ್ದು. ಹೆಸರಲ್ಲಿ ಮಡ್ ಇದ್ದರೂ ಗ್ರಿಪ್ ಮುಕ್ಕಾಲು ಇಂಚು ಮಾತ್ರ, ಕಾಡುದಾರಿಯಲ್ಲಿ ಅಷ್ಟೇನೂ ಗಡಗಡ ಅನ್ನುವುದಿಲ್ಲ, ಕೆಸರಲ್ಲೂ ಪೂರ್ತಿ ಕೈಬಿಡುವುದಿಲ್ಲ.

ಪಂಕ್ಚರ್‌ಡಬ್ಬಿ:
ನಾನು ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಚೂಪು ಕಲ್ಲು ಇದೆ ಅಂದಮೇಲೆ 6 ಪ್ಲೈ ರೇಟಿಂಗ್‌ಗಿಂತ ಕಡಿಮೆ ಬೇಡ. ಒಂದು ಮಾತು ನೆನಪಿರಲಿ, 6 ಅಂದರೆ ಒಳಗೆ ಆರು ಪದರ ಇದೆ ಅಂತಲ್ಲ, ಅದು ಬಲದ ಅಳತೆ ಅಷ್ಟೇ. ಅಷ್ಟೇ ಬಲ ಕಡಿಮೆ ಪದರದಲ್ಲೂ ಬರುತ್ತದೆ. 8 ಪ್ಲೈ ಇನ್ನೂ ಗಟ್ಟಿ, ಆದರೆ ಭಾರವೂ ಬಿಗಿಯೂ ಜಾಸ್ತಿ. ಬರೀ ಬಂಡೆ ಮೇಲೆ ಹತ್ತಿ ಇಳಿಯುವವರಿಗೆ, ಭಾರ ಹೇರುವವರಿಗೆ ಅದು ಬೇಕು.

ಇನ್ನು ರೇಡಿಯಲ್, ಬಯಸ್. ಇವು ಟೈರ್ ಒಳಗೆ ನೂಲು ಹಾಸುವ ಎರಡು ಬಗೆ. ಸೈಜ್‌ನ ಕೊನೆಯ ಅಂಕಿಗೆ ಮೊದಲು ಅಡ್ಡಗೆರೆ ಇದ್ದರೆ ಬಯಸ್, ಆ ಜಾಗದಲ್ಲಿ ಆರ್ ಅಕ್ಷರ ಇದ್ದರೆ ರೇಡಿಯಲ್. ರೇಡಿಯಲ್ ಟೈರ್ ಬೇರು ಕಲ್ಲುಗಳ ಮೇಲೆ ಮೆತ್ತಗೆ ಹೊಂದಿಕೊಂಡು ಹೋಗುತ್ತದೆ, ವೇಗದಲ್ಲೂ ನಿಶ್ಚಿಂತೆ. ಬಯಸ್‌ನ ಪಕ್ಕ ಬಿಗಿ, ಸವಾರಿ ಒರಟು, ಸಾಮಾನ್ಯವಾಗಿ ಅಗ್ಗ. ನಿಮ್ಮ ದಾರಿಗೆ ನಾನು ರೇಡಿಯಲ್ ಅನ್ನುತ್ತೇನೆ. ಮ್ಯಾಕ್ಸಿಸ್ ಬಿಗ್‌ಹಾರ್ನ್ ಅಂತ ಜನ ಸುಮ್ನೆ ಹೊಗಳುವುದಿಲ್ಲ, ಅದರ ಬ್ಲಾಕು ಟೈರ್‌ನ ಪಕ್ಕಕ್ಕೂ ಇಳಿದಿರುತ್ತದೆ, ಕಲ್ಲಿನ ಸಂದಿಯಲ್ಲಿ ತುರುಕಿಕೊಂಡಾಗ ಏಟು ಮೊದಲು ಅದರ ಮೇಲೆ ಬೀಳುತ್ತದೆ. ಅದರದ್ದೇ 2.0 ಅಂತ ಹಗುರ ಮಾದರಿಯೂ ಇದೆ.

ಎಲ್ಲಕ್ಕಿಂತ ಮುಖ್ಯ ಒಂದು ಪ್ರಶ್ನೆ. ಗಾಳಿ ಎಷ್ಟು ಇಡುತ್ತೀರಿ? ಹಿಂದಿನ ಟೈರ್ ನಡುವೆ ಮಾತ್ರ ಬೋಳಾಗಿದೆ ಅಂದರೆ ನನಗೆ ಗಾಳಿ ಜಾಸ್ತಿ ಆಗಿರುವ ಅನುಮಾನ.

ಕಾಡುದಾರಿ:
@ಪಂಕ್ಚರ್‌ಡಬ್ಬಿ ಕಾರಿಗೆ ಹಿಡಿಯುವ ಗೇಜಲ್ಲೇ ನೋಡುವುದು, ಮುಳ್ಳು ಅಲ್ಲಾಡಲು ಶುರುವಾದರೆ ಸಾಕು ಅಂತ ಬಿಡುತ್ತೇನೆ. ಸುಮಾರು 8 ಇರಬಹುದು, 10 ಇರಬಹುದು.

ಮಡ್ ಟೈರ್ ಯೋಚನೆ ಬಿಟ್ಟೆ, 25 ಇಂಚಿನಲ್ಲೇ 6 ಪ್ಲೈ ರೇಡಿಯಲ್ ನೋಡುತ್ತೇನೆ. ಇನ್ನೊಂದು ವಿಷಯ, ಟೈರ್ ತರಿಸಿಕೊಂಡು ಮನೆಯಲ್ಲೇ ರಿಮ್‌ಗೆ ಹಾಕಬಹುದಾ? ಕಂಪ್ರೆಸರ್ ಇದೆ.

ಪಂಕ್ಚರ್‌ಡಬ್ಬಿ:
ಸಿಕ್ಕಿತು ನೋಡಿ. ಎಷ್ಟೋ ಎಟಿವಿಗಳಿಗೆ ಕಂಪನಿ ಹೇಳುವ ಗಾಳಿಯ ಒತ್ತಡವೇ 5 ಪಿಎಸ್‌ಐ ಆಸುಪಾಸು. ನಿಮ್ಮ ಗಾಡಿಯದ್ದು ಎಷ್ಟು ಅಂತ ಗಾಡಿಗೆ ಅಂಟಿಸಿರುವ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಇರುತ್ತದೆ. 5 ಇರಬೇಕಾದ ಕಡೆ 10 ಇಟ್ಟರೆ ಟೈರ್ ಉಬ್ಬಿ ನಡು ಮಾತ್ರ ನೆಲಕ್ಕೆ ತಾಗುತ್ತದೆ, ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಕೆಸರಲ್ಲಿ ಹೂತುಕೊಳ್ಳುವುದಕ್ಕೂ ಅರ್ಧ ಕಾರಣ ಇದೇ ಇರಬಹುದು. ಹಾಗಂತ 2, 3ಕ್ಕೆ ಇಳಿಸಿ ಕಲ್ಲಿಗೆ ಹೊಡೆಸಿದರೆ ರಿಮ್ ಸೊಟ್ಟ ಆಗುತ್ತದೆ, ಇಲ್ಲವೇ ಟೈರ್ ರಿಮ್ಮಿಂದ ಕಳಚಿಕೊಳ್ಳುತ್ತದೆ. ಕಾರಿನ ಗೇಜ್ ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿ ಒಂದು ಪಿಎಸ್‌ಐ ಹೆಚ್ಚು ಕಡಿಮೆ ಆದರೂ ನಿಮಗೆ 20% ತಪ್ಪಿದಂತೆ. ಎಟಿವಿಗೆ ಅಂತಲೇ ಕಡಿಮೆ ಒತ್ತಡದ ಗೇಜ್ ಸಿಗುತ್ತದೆ, ಅದನ್ನು ತಗೊಂಡು ಟೈರ್ ತಣ್ಣಗಿರುವಾಗ ನೋಡಿ. ಇದನ್ನು ಇವತ್ತೇ ಮಾಡಬಹುದು, ಹೊಸ ಟೈರ್‌ಗೆ ಕಾಯಬೇಕಿಲ್ಲ.

ಮನೆಯಲ್ಲಿ ಹಾಕಬಹುದು. ಕಷ್ಟ ಇರುವುದು ಹಳೆಯದನ್ನು ಬಿಡಿಸುವುದರಲ್ಲಿ. ಎಟಿವಿ ಟೈರ್‌ನ ಬೀಡ್ (ಒಳ ಅಂಚು) ರಿಮ್‌ಗೆ ಕಚ್ಚಿಕೊಂಡಿರುತ್ತದೆ, ಕಾಲಲ್ಲಿ ತುಳಿದರೆ ಬಿಡುವುದಿಲ್ಲ, ಅದನ್ನು ಬಿಡಿಸುವ ಬೀಡ್ ಬ್ರೇಕರ್ ಬೇಕು. ರಿಮ್ ಅಂಚಿನಲ್ಲಿ ತುಕ್ಕು, ಒಣಗಿದ ಕೆಸರು ಇದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ, ಇಲ್ಲದಿದ್ದರೆ ಅಲ್ಲೇ ಗಾಳಿ ಸೋರುತ್ತದೆ. ವಾಲ್ವ್ ಕೂಡ ಹೊಸದು ಹಾಕಿಬಿಡಿ. ಟೈರ್ ಮೇಲೆ ಬಾಣದ ಗುರುತಿದ್ದರೆ ಮುಂದಕ್ಕೆ ತಿರುಗುವ ದಿಕ್ಕು ನೋಡಿ ಹಾಕಿ. ಬೀಡ್‌ಗೆ ಸುತ್ತಲೂ ಸೋಪು ನೀರು ಸವರಿ, ವಾಲ್ವ್ ಪಿನ್ ತೆಗೆದು ಗಾಳಿ ತುಂಬಿದರೆ ಜಾಸ್ತಿ ನುಗ್ಗುತ್ತದೆ, ಟಪ್ ಟಪ್ ಅಂತ ಎರಡು ಸಲ ಸದ್ದು ಬಂದರೆ ಎರಡೂ ಕಡೆ ಕೂತಿತು ಅಂತ ಅರ್ಥ. ಬೀಡ್ ಕೂರಿಸಲು ಗರಿಷ್ಠ ಇಷ್ಟು ಅಂತ ಟೈರ್ ಪಕ್ಕದಲ್ಲೇ ಅಚ್ಚು ಇರುತ್ತದೆ, ಅದನ್ನು ಮೀರಬೇಡಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಪೂರ್ತಿ ಹೊರಬಿಟ್ಟು, ಮತ್ತೆ ಸೋಪು ಸವರಿ ಶುರು ಮಾಡಿ. ಸ್ಪ್ರೇ ಹೊಡೆದು ಬೆಂಕಿ ಹಚ್ಚಿ ಕೂರಿಸುವ ವಿಡಿಯೋ ನೋಡಿರುತ್ತೀರಿ, ಆ ಸಾಹಸ ಬೇಡವೇ ಬೇಡ.

ಕೆಸರುಹುಳ:
ನಟ್ ಬಿಗಿ ಮಾಡುವಾಗ ಎದುರುಬದುರು ಬಿಗಿ ಮಾಡಿ, ಮೊದಲ ಸವಾರಿ ಮುಗಿದ ಮೇಲೆ ಇನ್ನೊಮ್ಮೆ ಟಾರ್ಕ್ (ನಟ್ ಎಷ್ಟು ಬಿಗಿ ಇದೆ ಅಂತ) ನೋಡಿ. ಆಮೇಲೆ ಆ ಮುಂದಿನ ಟೈರ್‌ಗಳಲ್ಲಿ ಸೀಳದೇ ಇರುವುದನ್ನು ಎಸೆಯಬೇಡಿ, ದಾರಿ ನಡುವೆ ಕೈಕೊಟ್ಟಾಗ ಮನೆವರೆಗೆ ಟೂ ವೀಲ್‌ನಲ್ಲಿ ನಿಧಾನವಾಗಿ ಬರಲು ಆಗುತ್ತದೆ.

ಕಾಡುದಾರಿ:
ಗೇಜ್ ಇವತ್ತೇ ಆರ್ಡರ್ ಮಾಡಿದೆ. ಹಾಗೇ ಸೀಟಿನ ಕೆಳಗಿನ ಸ್ಟಿಕ್ಕರ್ ಒರೆಸಿ ನೋಡಿದೆ, ಮುಂದೆ ಹಿಂದೆ ಎರಡಕ್ಕೂ 5 ಅಂತ ಇದೆ. ಟೈರ್ ಬಂದಮೇಲೆ ಸೀಮೆಸುಣ್ಣದ ಅಳತೆ ಎಷ್ಟು ಬಂತು ಅಂತ ಇಲ್ಲೇ ಹಾಕುತ್ತೇನೆ.