ಪೋರ್ಟ್, ಸ್ಟಾರ್‌ಬೋರ್ಡ್‌ಗೆ ಕನ್ನಡ ಪದ ಬೇಕು (ಬೋರ್ಡಿಗೆ, ನಾಳೆಯೊಳಗೆ)

ಮಲ್ಪೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮಳೆಗಾಲದ ರಜೆ ಮುಗಿದು ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ. ಹೊಸದಾಗಿ ಚುಕ್ಕಾಣಿ ಹಿಡಿಯುವ ಹುಡುಗರಿಗಾಗಿ ಬಂದರಿನ ಹತ್ತಿರ ಒಂದು ಬೋರ್ಡ್ ಹಾಕುತ್ತಿದ್ದೇವೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಪೋರ್ಟ್, ಸ್ಟಾರ್‌ಬೋರ್ಡ್‌ಗೆ ಏನು ಬರೆಯೋಣ? ಬೋಟಿನ ಮುಂದಕ್ಕೆ ಮುಖ ಮಾಡಿದಾಗ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ಇಂಗ್ಲಿಷಿನಲ್ಲಿ ನೆನಪಿಗೆ ಅಂತ ಕೆಲವು ಸಾಲುಗಳಿವೆ. ಪೋರ್ಟ್ ವೈನ್ ಕೆಂಪು, ಹಾಗಾಗಿ ಪೋರ್ಟ್ ಕಡೆಯ ದೀಪವೂ ಕೆಂಪು ಅನ್ನುವುದು ಒಂದು. ‘ರೆಡ್ ರೈಟ್ ರಿಟರ್ನಿಂಗ್’, ಅಂದರೆ ವಾಪಸ್ ಬರುವಾಗ ಕೆಂಪು ಬೋಯಾ (ನೀರಲ್ಲಿ ತೇಲುವ ದಾರಿಗುರುತು) ಬಲಕ್ಕೆ, ಅನ್ನುವುದು ಇನ್ನೊಂದು. ಇವನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಉಡುಪಿಯಿಂದ:

ವಾಮಪಾರ್ಶ್ವ, ದಕ್ಷಿಣಪಾರ್ಶ್ವ. ಬೋರ್ಡಿಗೆ ಗಂಭೀರವಾಗಿ ಕಾಣುತ್ತದೆ.

ಮಂಗಳೂರಿನಿಂದ:

ಬೇಡವೇ ಬೇಡ. ಕಡಲಲ್ಲಿ ದಕ್ಷಿಣ ಅಂದರೆ ದಿಕ್ಕು. ಮಲ್ಪೆಯಿಂದ ಪಡುವಣಕ್ಕೆ ಹೊರಟ ಬೋಟಿಗೆ ದಕ್ಷಿಣ ಇರುವುದು ಎಡಗಡೆ!

ಎಡಮಗ್ಗುಲು, ಬಲಮಗ್ಗುಲು ಅಂತ ಬರೆಯಿರಿ. ಹಿಂದಕ್ಕೆ ಮುಖ ಮಾಡಿ ಬಲೆ ಎಳೆಯುವವನ ಎಡಗೈ ಬೇರೆ, ಬೋಟಿನ ಎಡ ಬೇರೆ. ಮಗ್ಗುಲು ಅಂದಾಗ ಬೋಟಿನದೇ ಮೈ ಅಂತ ಗೊತ್ತಾಗುತ್ತದೆ. ಸ್ಟಾರ್‌ಬೋರ್ಡ್ ಕೂಡ ಹುಟ್ಟಿದ್ದು ಹೀಗೆಯೇ. ಅದರಲ್ಲಿ ನಕ್ಷತ್ರ ಇಲ್ಲ. ಅದು ಚುಕ್ಕಾಣಿಯ ಬದಿ. ಹಿಂದೆ ಚುಕ್ಕಾಣಿಯ ಹಲಗೆಯನ್ನು ಬಲಗಡೆ ಕಟ್ಟುತ್ತಿದ್ದರು. ಎಡಕ್ಕೆ ಲಾರ್‌ಬೋರ್ಡ್ ಅನ್ನುತ್ತಿದ್ದರು. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳುತ್ತಿದ್ದವು. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನುವುದನ್ನೇ ಕಡ್ಡಾಯ ಮಾಡಿತು.

ಉಡುಪಿಯಿಂದ (ಇನ್ನೊಬ್ಬರು):

ಆ ವಾದ ನಿಮ್ಮ ಪದಕ್ಕೇ ತಿರುಗುತ್ತದೆ. ಎಡಮಗ್ಗುಲು, ಬಲಮಗ್ಗುಲು ಅಂತ ಗಾಳಿಯಲ್ಲಿ ಕೂಗಿದರೆ ಕೇಳುವುದು ಮಗ್ಗುಲು ಮಾತ್ರ. ಬೋರ್ಡಿನ ಮೇಲೆ ಇರಲಿ. ಕೂಗುವುದಕ್ಕೆ ಎಡ, ಬಲ ಸಾಕು.

ಇನ್ನು ‘ರೆಡ್ ರೈಟ್ ರಿಟರ್ನಿಂಗ್’ ಅನುವಾದ ಮಾಡಲೇಬೇಡಿ. ಅದು ಇಲ್ಲಿಗೆ ತಪ್ಪು. ಬೋಯಾಗಳಿಗೆ ಜಗತ್ತಿನಲ್ಲಿ ಎರಡು ಪದ್ಧತಿ ಇದೆ, 1980ರಲ್ಲಿ ಒಪ್ಪಿಕೊಂಡದ್ದು. ಆ ಸಾಲು ಅಮೆರಿಕದ ಕಡೆಯದು. ಜಪಾನ್, ಫಿಲಿಪ್ಪೀನ್ಸ್‌ನಲ್ಲೂ ಅದೇ ಪದ್ಧತಿ. ಭಾರತ ಇನ್ನೊಂದು ಗುಂಪಿನಲ್ಲಿದೆ. ನಮ್ಮಲ್ಲಿ ಕಡಲಿಂದ ಬಂದರಿನೊಳಗೆ ಬರುವಾಗ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಬೋಟಿನ ಬದಿದೀಪಗಳೂ ಹಾಗೆಯೇ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಒಳಗೆ ಬರುವಾಗ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಆ ಇಂಗ್ಲಿಷ್ ಸಾಲು ನಂಬಿದವನು ಅಳಿವೆ ಬಾಗಿಲಲ್ಲಿ ಬೋಟನ್ನು ಮರಳಿಗೆ ಹತ್ತಿಸುತ್ತಾನೆ.

ವೈನ್ ಬಾಟಲಿಯೂ ಬೇಡ. ಕನ್ನಡದ ಒಳಗೇ ಗುರುತು ಇದೆ. ಎಡ, ಕೆಂಪು: ಎರಡರಲ್ಲೂ ಮೊದಲು ಬರುವ ಸ್ವರ ಎ. ಬಲ, ಹಸಿರು: ಎರಡರಲ್ಲೂ ಅ. ಇದಕ್ಕಿಂತ ಸುಲಭ ಏನು ಬೇಕು? ಹಾರ್ನ್‌ಗೂ ಇದು ನಡೆಯುತ್ತದೆ. ಒಂದು ಚಿಕ್ಕ ಕೂಗು ಅಂದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಅಂದರೆ ಎಡಕ್ಕೆ. ಎರಡು, ಎಡ, ಕೆಂಪು, ಮೂರಕ್ಕೂ ಎ.

ಮಂಗಳೂರಿನಿಂದ (ಮೂರನೆಯವರು):

ಇಷ್ಟೆಲ್ಲ ಯಾಕೆ? ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಪಣಂಬೂರಿನ ಹಡಗು ಕರೆದರೆ ಪೋರ್ಟ್, ಸ್ಟಾರ್‌ಬೋರ್ಡ್ ಅಂತಲೇ ಹೇಳುತ್ತದೆ. ಅದನ್ನೇ ಬರೆಯಿರಿ. ಚುಕ್ಕಾಣಿ ಅರಬ್ಬಿಯಿಂದ ಬಂತು. ಲಂಗರು, ಬಂದರು ಪಾರಸಿ. ಇವನ್ನೆಲ್ಲ ನುಂಗಿದವರಿಗೆ ಪೋರ್ಟ್ ಮಾತ್ರ ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ?

ಮಂಗಳೂರಿನಿಂದ (ಮೊದಲಿನವರು):

ಬಂದರು ಬಂದದ್ದು ವ್ಯಾಪಾರ ಮಾಡಿದವರ ಬಾಯಿಂದ, ನೂರಾರು ವರ್ಷ ಬಳಸಿ ಬಳಸಿ. ಎಡ, ಬಲ ಇರುವಾಗ ಪೋರ್ಟ್ ತರುವುದು ಕೊರತೆಯಿಂದ ಅಲ್ಲ, ಸೋಮಾರಿತನದಿಂದ. ಅದೂ ಅಲ್ಲದೆ ‘ಪೋರ್ಟ್ ಕಡೆ’ ಅಂತ ಬರೆದರೆ ಓದುವವರು ಬಂದರಿನ ಕಡೆ ಅಂದುಕೊಳ್ಳುತ್ತಾರೆ. ನಮ್ಮೂರಲ್ಲೇ ಹಳೆ ಪೋರ್ಟ್, ಹೊಸ ಪೋರ್ಟ್ ಎರಡೂ ಇವೆ, ಅಲ್ವಾ?

ಉಡುಪಿಯಿಂದ (ಇನ್ನೊಬ್ಬರು):

ಎಲ್ಲಿಂದ ಬಂತು ಅನ್ನುವ ಜಗಳ ಇನ್ನೊಂದು ದಿನ ಮಾಡಿ. ರೇಡಿಯೊ ಮಾತು ಮಾತ್ರ ಸರಿ, ಹುಡುಗರಿಗೆ ಆ ಎರಡು ಇಂಗ್ಲಿಷ್ ಪದವೂ ಗೊತ್ತಿರಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿ. ಅದಕ್ಕಿಂತ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ. ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ. ನೀರಲ್ಲಿ ಹಾಗಲ್ಲ. ಕಿರಿದಾದ ದಾರಿಯಲ್ಲಿ ಬಲಕ್ಕೆ ಅಂಟಿಕೊಳ್ಳಬೇಕು. ಇಂಜಿನ್ ಬೋಟುಗಳು ಎದುರಾಎದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಬೈಕ್ ಓಡಿಸಿ ಅಭ್ಯಾಸವಾದ ಹುಡುಗನ ಕೈ ಗಾಬರಿಯಲ್ಲಿ ಎಡಕ್ಕೇ ಎಳೆಯುತ್ತದೆ. ಬೋರ್ಡಿನ ಮೊದಲ ಸಾಲು ಇದೇ ಆಗಬೇಕು. ರಾತ್ರಿ ಇಂಜಿನ್ ಬೋಟೊಂದು ಬಲಗಡೆಯಿಂದ ಅಡ್ಡ ಬರುತ್ತಿದ್ದರೆ ಕಾಣುವುದು ಅದರ ಎಡಮಗ್ಗುಲಿನ ಕೆಂಪು ದೀಪ. ಆಗ ದಾರಿ ಬಿಡಬೇಕಾದವರು ನಾವು. ಅಂದರೆ ಕೆಂಪು ಕಂಡರೆ ತಡೆ, ಸಿಗ್ನಲ್‌ನಲ್ಲಿ ಇದ್ದ ಹಾಗೆಯೇ.

ಮಲ್ಪೆಯಿಂದ:

ತುಂಬಾ ಉಪಕಾರ. ಪ್ರಿಂಟಿಗೆ ಕೊಡುವುದು ಇದು. ‘ರಸ್ತೆಯಲ್ಲಿ ಎಡ, ನೀರಲ್ಲಿ ಬಲ. ಎಡಮಗ್ಗುಲು ಕೆಂಪು, ಬಲಮಗ್ಗುಲು ಹಸಿರು. ಒಳಗೆ ಬರುವಾಗ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಬಲಗಡೆ ಅಡ್ಡ ಬರುವ ಕೆಂಪು ಕಂಡರೆ ದಾರಿ ಬಿಡು.’ ಇಂಗ್ಲಿಷ್ ಪದಗಳು ಕೆಳಗೆ.

ಮಂಗಳೂರಿನಿಂದ (ಮೊದಲಿನವರು):

ಹಸಿರಿನ ಪಕ್ಕ ‘ಪಚ್ಚೆ’ ಅಂತಲೂ ಹಾಕಿ. ಬೋಟಿನಲ್ಲಿ ತುಳು ಮಾತಾಡುವವರೇ ಜಾಸ್ತಿ. ಪಚ್ಚೆಯಲ್ಲೂ ಮೊದಲ ಸ್ವರ ಅ, ಗುರುತು ಕೆಡುವುದಿಲ್ಲ.